ಮನೆ ಹಗುರಾದ ಮೇಲೆ

ಪಿಕ್ಸಾರ್‌ನ 'ಅಪ್', 2009. ಮದುವೆಯಿಂದ ಹೆಂಡತಿ ಎಲ್ಲೀ ಸಾವಿನವರೆಗೆ ಒಂದಿಡೀ ದಾಂಪತ್ಯ, ಮಾತೇ ಇಲ್ಲದೆ, ಆರಂಭದ ಕೆಲವೇ ನಿಮಿಷಗಳಲ್ಲಿ! ಎಲ್ಲರೂ ಅಳುವುದು ಅಲ್ಲೇ. ನನ್ನ ಕೇಳಿದರೆ, ಸಿನಿಮಾದ ಜೀವ ಇರುವುದು ಇನ್ನೂ ಮುಂದೆ.

ಬಲೂನು ಕಟ್ಟಿ ಮನೆಯನ್ನೇ ಹಾರಿಸಿದ ಮುದುಕ ಕಾರ್ಲ್, ಹೆಂಡತಿ ಆಸೆಪಟ್ಟಿದ್ದ ಜಲಪಾತದ ಪಕ್ಕ ಅದನ್ನು ತಂದು ನಿಲ್ಲಿಸುತ್ತಾನೆ. ಗೆದ್ದನಲ್ಲ? ಮುಖದಲ್ಲಿ ಖುಷಿಯೇ ಇಲ್ಲ.

ಆಗ ಅವಳ ಸಾಹಸದ ಪುಸ್ತಕ ತೆರೆಯುತ್ತಾನೆ. ಖಾಲಿ ಅಂದುಕೊಂಡಿದ್ದ ಪುಟಗಳ ತುಂಬ ಅವರಿಬ್ಬರ ಸಂಸಾರದ ಫೋಟೋಗಳು! ಕೊನೆಯಲ್ಲಿ, ಹೊಸ ಸಾಹಸಕ್ಕೆ ಹೊರಡು ಎಂದು ಅವಳದೇ ಕೈಬರಹ.

ಅತ್ತ, ಕಾರ್ಲ್ ಜೊತೆ ಅದೇ ಮನೆಯಲ್ಲಿ ಬಂದಿದ್ದ ಪುಟ್ಟ ಹುಡುಗ ರಸೆಲ್ ಅಪಾಯದತ್ತ ಹಾರಿಹೋಗಿದ್ದಾನೆ. ಇತ್ತ ಮನೆ ಮೇಲೇಳುತ್ತಿಲ್ಲ, ಭಾರ ಜಾಸ್ತಿ. ಕಾರ್ಲ್ ಜೋಪಾನ ಮಾಡಿದ್ದ ಸಾಮಾನನ್ನೆಲ್ಲ ಹೊರಗೆಸೆದ. ತಾನೂ ಎಲ್ಲೀಯೂ ಕೂರುತ್ತಿದ್ದ ಜೋಡಿ ಕುರ್ಚಿಗಳನ್ನೂ ಬಿಡಲಿಲ್ಲ. ಮನೆ ಎದ್ದಿತು, ಹುಡುಗನ ಹಿಂದೆ ಹೊರಟಿತು.