ಹಿತ್ತಲ ಕೋಳಿಯ ಮೊಟ್ಟೆ ಮತ್ತು ಅಹಿಂಸೆಯ ಲೆಕ್ಕ

ಮಾಂಸವನ್ನಷ್ಟೇ ಅಲ್ಲದೆ ಹಾಲು, ತುಪ್ಪ, ಜೇನುಗಳನ್ನೂ ವರ್ಜಿಸುವ ‘ವೀಗನ್’ ಪದ್ಧತಿ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೂ ಕಾಲಿಟ್ಟಿದೆ. ೧೯೪೪ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ವೀಗನ್ ಸೊಸೈಟಿಯನ್ನು ಸ್ಥಾಪಿಸಿದಾಗ ಈ ಹೆಸರು ಬಳಕೆಗೆ ಬಂತು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನೂ ಅವುಗಳ ಶೋಷಣೆಯನ್ನೂ ಸಾಧ್ಯವಾದಷ್ಟು ದೂರವಿಡುವುದು ಅದರ ತತ್ತ್ವ. ಇಲ್ಲಿ ‘ಶೋಷಣೆ’ ಎಂಬ ಪದವನ್ನು ಗಮನಿಸಬೇಕು. ಕ್ರೌರ್ಯವಿಲ್ಲದ ಕಡೆಯೂ ಶೋಷಣೆ ಇರಬಹುದಷ್ಟೆ.

ಪಂಜರದ ಕೋಳಿಯ ಪಾಡನ್ನು ಯಾರೂ ಸಮರ್ಥಿಸಲಾರರು. ಆದರೆ ಊರ ಮನೆಯ ಹಿತ್ತಲಲ್ಲಿ ತಿಪ್ಪೆ ಕೆದಕುತ್ತ, ಸಂಜೆ ತಾನಾಗಿ ಗೂಡು ಸೇರುವ ಹೇಂಟೆಯ ಮೊಟ್ಟೆಯಲ್ಲಿ ತಪ್ಪೇನು? ಹುಂಜದ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆ ಮರಿಯಾಗುವುದೂ ಇಲ್ಲ. ಹಾಲು ಕುಡಿಯುವವನು ಇಂಥ ಮೊಟ್ಟೆಯನ್ನು ಆಕ್ಷೇಪಿಸಬೇಕಾಗಿಲ್ಲ ಎಂಬುದು ಗಾಂಧೀಜಿಯವರ ಅಭಿಪ್ರಾಯವೂ ಆಗಿತ್ತು. ಈ ತರ್ಕ ಸರಿಯೇ. ಆದರೆ ವೀಗನ್ ಹಾಲನ್ನೂ ಬಿಟ್ಟವನಾದ್ದರಿಂದ ಅವನಿಗೆ ಇದು ಉತ್ತರವಾಗುವುದಿಲ್ಲ.

ಪ್ರಶ್ನೆಯ ತಿರುಳು ಕೋಳಿಯ ದೇಹದಲ್ಲಿಯೇ ಇದೆ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಇಟ್ಟ ಮೇಲೆ ಕಾವಿಗೆ ಕೂರುತ್ತದೆ. ಮೊಟ್ಟೆಯನ್ನು ದಿನದಿನವೂ ಎತ್ತಿಕೊಂಡರೆ ಕಾವಿನ ಸಮಯ ಮುಂದಕ್ಕೆ ಹೋಗಿ ಮತ್ತೆ ಮತ್ತೆ ಇಡುತ್ತಲೇ ಇರುತ್ತದೆ. ಈ ಸ್ವಭಾವವನ್ನೇ ಬಳಸಿಕೊಂಡು ತಳಿ ಆಯ್ಕೆ ನಡೆದು, ಇಂದಿನ ಫಾರಂ ಕೋಳಿ ವರ್ಷಕ್ಕೆ ಸುಮಾರು ೩೦೦ ಮೊಟ್ಟೆ ಇಡುತ್ತದೆ. ಒಂದೊಂದು ಚಿಪ್ಪಿಗೂ ಸುಮಾರು ೨ ಗ್ರಾಂ ಸುಣ್ಣದ ಅಂಶ ಬೇಕು. ಮೇವಿನಲ್ಲಿ ಸಾಲದಿದ್ದರೆ ಅದು ಮೂಳೆಯಿಂದ ಇಳಿದುಬರುತ್ತದೆ. ಹೆಚ್ಚು ಮೊಟ್ಟೆಯಿಡುವ ತಳಿಗಳಲ್ಲಿ ಎದೆಮೂಳೆ ಮುರಿಯುವುದು, ಅಂಡನಾಳದ ರೋಗಗಳು ಸಾಮಾನ್ಯವಾಗಿರುವುದಕ್ಕೆ ಈ ದುಡಿಮೆಯೂ ಒಂದು ಕಾರಣ. ಇಂಥ ತಳಿಯ ಕೋಳಿಯನ್ನು ಎಷ್ಟೇ ಮುದ್ದಿನಿಂದ ಹಿತ್ತಲಲ್ಲಿ ಬಿಟ್ಟರೂ ಅದರ ದೇಹದ ಮೇಲಿನ ಹೊರೆ ಇಳಿಯದು. ನಾಟಿಕೋಳಿಗೆ ಈ ಕಷ್ಟ ಬಹಳ ಕಡಿಮೆ.

ಇನ್ನು ಹುಂಜಮರಿಗಳ ಗತಿ. ಮೊಟ್ಟೆಯ ತಳಿಗಳ ಮರಿ ಕೇಂದ್ರಗಳಲ್ಲಿ ಗಂಡುಮರಿ ಉಪಯೋಗಕ್ಕಿಲ್ಲವೆಂದು ಹುಟ್ಟಿದ ದಿನವೇ ಕೊಲ್ಲುವುದು ವಾಡಿಕೆ; ಜರ್ಮನಿ ೨೦೨೨ರಿಂದ ಇದನ್ನು ಕಾನೂನಿನಿಂದ ನಿಷೇಧಿಸಿದೆ. ಅಂಥ ಕೇಂದ್ರದಿಂದ ಹೆಣ್ಣುಮರಿ ಕೊಂಡು ಸಾಕುವವನು ಆ ಕೊಲೆಯಿಂದ ಪೂರ್ತಿ ದೂರವಲ್ಲ. ಹಳ್ಳಿಯ ಹುಂಜವೂ ಹಬ್ಬಕ್ಕೋ ಹರಕೆಗೋ ಸಲ್ಲುತ್ತದೆ. ಮೊಟ್ಟೆ ನಿಂತ ಮುದಿ ಹೇಂಟೆ ಸಾರಿನ ಪಾತ್ರೆ ಸೇರುವುದನ್ನು ಕಂಡರಿಯದವರು ನಮ್ಮಲ್ಲಿ ಕಡಿಮೆ.

ಹಾಗಾದರೆ ಫಾರಂನಿಂದ ಪಾರುಮಾಡಿ ತಂದ ಕೋಳಿಯನ್ನು ಮೊಟ್ಟೆ ನಿಂತ ಮೇಲೂ, ರೋಗ ಬಂದಾಗ ಪಶುವೈದ್ಯರಿಗೆ ತೋರಿಸುತ್ತ, ಕೊನೆಯವರೆಗೂ ಸಾಕುವವನು? ಅವನು ತಿನ್ನುವ ಮೊಟ್ಟೆಯಲ್ಲಿ ಹಿಂಸೆಯನ್ನು ತೋರಿಸುವುದು ಕಷ್ಟ. ಕಟ್ಟುನಿಟ್ಟಿನ ವೀಗನರು ಇದನ್ನೂ ಒಪ್ಪರು. ಮೊಟ್ಟೆಯನ್ನು ಚಿಪ್ಪುಸಮೇತ ಬೇಯಿಸಿ ಕೋಳಿಗೇ ತಿನ್ನಿಸಿದರೆ ಕಳೆದ ಸುಣ್ಣ ಮರಳಿ ದೊರೆಯುತ್ತದೆ ಎನ್ನುತ್ತಾರೆ. ಅಂಥವನ ನಡತೆ ದಯೆಯದೆಂದು ಧಾರಾಳವಾಗಿ ಹೇಳಬಹುದು. ವೀಗನ್ ಎಂಬ ಹೆಸರು ಮಾತ್ರ ಅವನಿಗೆ ಸಲ್ಲದು. ಭಾರತದ ೨೦೨೨ರ ವೀಗನ್ ಆಹಾರ ನಿಯಮಗಳೂ ಮೊಟ್ಟೆಗೆ ಎಡೆಯಿತ್ತಿಲ್ಲ.

ಹಿತ್ತಲೇ ಇಲ್ಲದ ಫ್ಲಾಟುಗಳಲ್ಲಿ ವಾಸಿಸುವವರಿಗೆ ಇನ್ನೊಂದು ತೊಡಕು. ಅಂಗಡಿಯಲ್ಲಿ ‘ನಾಟಿ’ ಎಂದು ಮಾರುವ ಕಂದು ಮೊಟ್ಟೆ ಹಿತ್ತಲಿನದೇ ಆಗಿರಬೇಕೆಂದಿಲ್ಲ. ಚಿಪ್ಪಿನ ಬಣ್ಣ ತಳಿಯನ್ನು ಅವಲಂಬಿಸಿದೆ. ಸಾಕಿದ ರೀತಿಯನ್ನಾಗಲಿ ಪುಷ್ಟಿಯನ್ನಾಗಲಿ ಅದು ಸೂಚಿಸುವುದಿಲ್ಲ.

ಮೊಟ್ಟೆಯನ್ನೂ ಹಾಲನ್ನೂ ಬಿಡುವವರು ಬಿ-೧೨ ಜೀವಸತ್ತ್ವವನ್ನು ಮರೆಯಬಾರದು. ಒಂದು ಮೊಟ್ಟೆಯಲ್ಲಿ ಸುಮಾರು ೬ ಗ್ರಾಂ ಪ್ರೋಟೀನೂ ಅರ್ಧ ಮೈಕ್ರೋಗ್ರಾಂನಷ್ಟು ಬಿ-೧೨ವೂ ಇರುತ್ತವೆ. ಪ್ರೋಟೀನನ್ನು ಬೇಳೆಕಾಳು, ಸೋಯಾಗಳು ತುಂಬಿಕೊಟ್ಟಾವು. ಬಿ-೧೨ ಸಸ್ಯಾಹಾರದಲ್ಲಿ ನೆಚ್ಚಿಕೊಳ್ಳುವಷ್ಟು ದೊರೆಯದು. ಕೊರತೆಯಾದರೆ ರಕ್ತಹೀನತೆ, ಕೈಕಾಲು ಜೋಮು, ಮರೆವು ಕಾಣಿಸಿಕೊಳ್ಳಬಹುದು. ಗರ್ಭಿಣಿಯರೂ ವೃದ್ಧರೂ ವೈದ್ಯರ ಸಲಹೆಯಿಲ್ಲದೆ ಈ ಪಥ್ಯಕ್ಕೆ ತೊಡಗಬಾರದು. ಬಿ-೧೨ ಮಾತ್ರೆಯ ಸತ್ತ್ವ ಸೂಕ್ಷ್ಮಾಣುಗಳಿಂದ ತಯಾರಾಗುವಂಥದು, ಆದ್ದರಿಂದ ವ್ರತಭಂಗವಿಲ್ಲ. ಆದರೆ ಕ್ಯಾಪ್ಸೂಲಿನ ಕವಚ ಪ್ರಾಣಿಜನ್ಯವಾದ ಜೆಲಟಿನ್‌ನದೇ ಎಂದು ಕೊಳ್ಳುವಾಗ ವಿಚಾರಿಸಬೇಕು.