ಬೆಟ್ಟಕ್ಕೆ ಹೊರಟ ಜೋಡಿಗೆ ಚಳಿಯ ಬಗ್ಗೆ ಒಂದಿಷ್ಟು

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಕಡೆಯಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. ಸುಮಾರು 4,400 ಮೀಟರ್ ಎತ್ತರದ ಆ ಸರೋವರಕ್ಕೆ ಚಾರಣ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. 9 ಮಂದಿ ತೀರಿಕೊಂಡರು, 13 ಮಂದಿ ಬದುಕಿ ಬಂದರು. ಸತ್ತವರಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದ ಒಂದು ಜೋಡಿಯೂ ಇತ್ತು. ತಂಡದಲ್ಲಿ ಬೆಟ್ಟ ಹತ್ತಿ ಪಳಗಿದವರಿದ್ದರು. ಆದರೂ ಚಳಿ ಬಿಡಲಿಲ್ಲ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹುಡುಗರು ಈಗ ಮದುವೆಯಾದ ತಿಂಗಳಲ್ಲೇ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕುಶಾಲನಗರ ದಾಟಿ ಕೊಡಗಿನ ತಡಿಯಂಡಮೋಳಿಗೆ ಹೋಗುತ್ತಾರೆ. ಕೋಟೆ ಕಡೆಯವರು ಬಾವಲಿ ದಾರಿಯಲ್ಲಿ ವಯನಾಡಿಗೆ ಇಳಿಯುತ್ತಾರೆ. ಕೈಯಲ್ಲಿ ಸ್ವಲ್ಪ ಹಣವಿದ್ದವರು ಕಾಶ್ಮೀರ, ಲೇಹ್ ಎನ್ನುತ್ತಾರೆ. ಮನೆಯ ಹಿರಿಯರು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಇಬ್ಬರೂ ಕಾಲಿಗೆ ಕೆಲಸ ಕೊಟ್ಟು ಒಳ್ಳೆಯ ಗಾಳಿ ಕುಡಿದು ಬರಲಿ. ಆದರೆ ಹೊರಡುವ ಮೊದಲು ಚಳಿ ಮನುಷ್ಯನನ್ನು ಹೇಗೆ ಹಿಡಿಯುತ್ತದೆ ಎಂದು ತಿಳಿದಿರಲಿ.

ಯುನಾನಿಯಲ್ಲಿ ದೇಹದ ಹುಟ್ಟು ಬಿಸಿಗೆ ‘ಹರಾರತೆ ಗರೀಝಿಯ್ಯಾ’ ಎನ್ನುತ್ತೇವೆ. ಇಂದಿನ ಅಳತೆಯಲ್ಲಿ ಹೇಳುವುದಾದರೆ ಆ ಬಿಸಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಒದ್ದೆ ಬಟ್ಟೆ, ಬೀಸುಗಾಳಿ, ಖಾಲಿ ಹೊಟ್ಟೆ, ದಣಿವು ಸೇರಿದರೆ ಹತ್ತು ಹನ್ನೆರಡು ಡಿಗ್ರಿಯಲ್ಲೂ ಆದೀತು. ಒಣ ಗಾಳಿಗಿಂತ ನೀರು ಮೈಯ ಬಿಸಿಯನ್ನು ಸುಮಾರು ಇಪ್ಪತ್ತೈದು ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಆದ್ದರಿಂದ 1,748 ಮೀಟರಿನ ತಡಿಯಂಡಮೋಳಿನ ತುದಿಯಲ್ಲಿ ಮಳೆಗೆ ನೆಂದು ನಿಂತವರನ್ನೂ ಹಗುರವಾಗಿ ನೋಡಬಾರದು. ಜೀನ್ಸ್, ಹತ್ತಿಯ ಚೂಡಿದಾರ, ಹತ್ತಿಯ ಬುರ್ಖಾ ಒಮ್ಮೆ ನೆಂದರೆ ಬೇಗ ಒಣಗುವುದಿಲ್ಲ. ಉಣ್ಣೆ ನೆಂದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ. ನಮ್ಮ ಸಂತೆಯಲ್ಲಿ ಸಿಗುವ ಕುರಿ ಕಂಬಳಿಯನ್ನು ಈಗಿನವರು ಹಳೆಯ ಕಾಲದ್ದೆಂದು ಮೂಲೆಗೆಸೆದಿದ್ದಾರೆ. ಬೆಟ್ಟದಲ್ಲಿ ಅದೇ ಒಳ್ಳೆಯದು.

ಚಳಿ ಮೊದಲು ನಡುಕ ತರುತ್ತದೆ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಗುಂಡಿ ಹಾಕಲಾಗುವುದಿಲ್ಲ. ನಾಲಗೆ ತೊದಲುತ್ತದೆ, ಹೆಜ್ಜೆ ಎಡವುತ್ತದೆ. ನಂತರ ನಡುಕವೇ ನಿಂತುಬಿಡುತ್ತದೆ. ನೋಡಿದವರು ‘ಸದ್ಯ, ಸುಧಾರಿಸಿದ’ ಎಂದುಕೊಳ್ಳುತ್ತಾರೆ. ಅದು ಸುಧಾರಣೆಯಲ್ಲ, ಮೈ ಸೋತಿದೆ ಎಂದರ್ಥ. ಕೆಲವರಿಗೆ ಆ ಹೊತ್ತಿನಲ್ಲಿ ಸೆಖೆಯಾದಂತೆ ಅನಿಸಿ ಸ್ವೆಟರ್ ಕಿತ್ತೆಸೆಯುತ್ತಾರೆ. ಚಳಿ ಮೆದುಳಿಗೂ ಹಿಡಿದಿರುತ್ತದೆ, ಆದ್ದರಿಂದ ‘ನನಗೇನಾಗಿಲ್ಲ’ ಎಂಬ ಮಾತನ್ನು ನಂಬುವಂತಿಲ್ಲ. ತನ್ನ ಸ್ಥಿತಿ ತನಗೇ ತಿಳಿಯದು, ಪಕ್ಕದಲ್ಲಿರುವವರಿಗೆ ತಿಳಿಯುತ್ತದೆ.

ಹೊಸ ಜೋಡಿಗಳ ವಿಷಯದಲ್ಲಿ ನನಗೆ ಚಿಂತೆ ಇಲ್ಲಿಯೇ. ಅವಳಿಗೆ ಉಬ್ಬಸವಿದೆ, ಹೇಳಿಲ್ಲ. ಮುಟ್ಟಿನ ದಿನ, ಹೊಟ್ಟೆನೋವು, ಹೇಳಲು ನಾಚಿಕೆ. ರಕ್ತ ಕಡಿಮೆ ಇದೆಯೆಂದು ತಾಯಿಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ. ಅವನಿಗೋ ತಲೆ ಸಿಡಿಯುತ್ತಿದೆ, ಹೆಂಡತಿಯ ಮುಂದೆ ಸೋತಂತಾಗುತ್ತದೆಂದು ನಗುತ್ತಾನೆ. ದುಡ್ಡು ಕಟ್ಟಿ ಬಂದಿದ್ದೇವೆ, ತುದಿ ನೋಡದೆ ಹೋಗುವುದೇ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡು ಹತ್ತುತ್ತಾರೆ. ಹೊರಡುವ ಹಿಂದಿನ ರಾತ್ರಿಯೇ ಕುಳಿತು ಇಬ್ಬರೂ ತಮ್ಮ ಕಾಯಿಲೆ, ಮಾತ್ರೆ ಎಲ್ಲ ಹೇಳಿಕೊಳ್ಳಿ. ಗರ್ಭಿಣಿಯಿರಬಹುದು ಎಂಬ ಅನುಮಾನವಿದ್ದರೆ ಎತ್ತರದ ಜಾಗ ಈಗ ಬೇಡ. ದಾರಿಯಲ್ಲಿ ಗಂಟೆಗೊಮ್ಮೆ ಪರಸ್ಪರ ಮುಖ ನೋಡಿ. ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನೇರ ನಡೆಯಲು ಹೇಳಿ. ಮನೆಯ ಫೋನ್ ನಂಬರ್ ಕೇಳಿ. ತಪ್ಪಿದರೆ ಅಲ್ಲಿಗೇ ಚಾರಣ ಮುಗಿಯಿತು.

ಚಳಿ ಹಿಡಿದವರನ್ನು ಗಾಳಿ ಬೀಸದ ಜಾಗಕ್ಕೆ ತನ್ನಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಿ, ತಲೆಯನ್ನೂ ಮುಚ್ಚಿ. ಮಲಗಿಸುವಾಗ ಕೆಳಗೆ ಬ್ಯಾಗು, ಸೊಪ್ಪು, ಏನಾದರೂ ಹಾಸಿ, ನೆಲವೂ ಬಿಸಿ ಹೀರುತ್ತದೆ. ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿ ಸಕ್ಕರೆ ನೀರು, ಬೆಲ್ಲದ ಕಾಫಿ, ಖರ್ಜೂರ ಕೊಡಿ. ಕೈಕಾಲು ಉಜ್ಜಬೇಡಿ. ‘ಸ್ವಲ್ಪ ರಮ್ ಹಾಕಿದರೆ ಬಿಸಿ’ ಎನ್ನುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ನಮಗೆ ಅದು ಹೇಗೂ ಹರಾಮ್. ವೈದ್ಯನಾಗಿ ಹೇಳುವುದಾದರೂ ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಕಳೆಯುತ್ತದೆ. ಆಮೇಲೆ ತಡಮಾಡದೆ ಆಸ್ಪತ್ರೆ.

ಇಬ್ನ್ ಸೀನಾ ‘ಅಲ್ ಖಾನೂನ್’ನಲ್ಲಿ ಪ್ರಯಾಣಿಕರ ಆರೋಗ್ಯದ ಬಗ್ಗೆ ಬರೆಯುವಾಗ ಚಳಿಯಲ್ಲಿ ಪಾದರಕ್ಷೆ ಕಾಲು ಅಲ್ಲಾಡಿಸಲಾಗದಷ್ಟು ಬಿಗಿಯಾಗಿರಬಾರದು ಎಂದಿದ್ದಾರೆ. ಇಂದಿಗೂ ಅದೇ ಸರಿ. ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಳ್ಳಿ. ವುಝೂ ಮಾಡಿದ ಮೇಲೆ ಬೆರಳ ಸಂದಿ ಒರೆಸದೆ ಬೂಟು ಹಾಕಬೇಡಿ. ಬಿಸಿನೀರು ಸಿಗದೆ ತಣ್ಣೀರಿನಿಂದ ಅಪಾಯವೆನಿಸುವ ಜಾಗದಲ್ಲಿ ತಯಮ್ಮುಮ್‌ಗೆ ಅವಕಾಶವಿದೆ, ಹೊರಡುವ ಮೊದಲೇ ಇಮಾಮರಲ್ಲಿ ಕೇಳಿಕೊಳ್ಳಿ.

ಲೇಹ್‌ಗೆ ಹೋಗುವವರ ಕಥೆ ಬೇರೆ. ಊರು ಸುಮಾರು 3,500 ಮೀಟರಿನಲ್ಲಿದೆ, ವಿಮಾನ ಒಂದೇ ಸಲಕ್ಕೆ ಅಲ್ಲಿಗೆ ಇಳಿಸುತ್ತದೆ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಂತಿ, ನಿದ್ದೆಗೇಡು ಬರಬಹುದು. ಮೊದಲ ಎರಡು ದಿನ ಕೋಣೆಯಲ್ಲೇ ಇದ್ದು ನೀರು ಕುಡಿಯುತ್ತಾ ವಿಶ್ರಾಂತಿ ತೆಗೆದುಕೊಳ್ಳಿ. ಕುಳಿತಾಗಲೂ ಏದುಸಿರು ಬಂದರೆ, ಕುಡಿದವರಂತೆ ನಡೆದರೆ, ರಾತ್ರಿಯಾದರೂ ಸರಿ ಕೆಳಗಿಳಿಸಿ. ನಮ್ಮ ಜೋಷಾಂದಾ ನೆಗಡಿಗೆ ಒಳ್ಳೆಯದು, ಶುಂಠಿ ಮಡಿಕೇರಿ ಘಾಟಿಯ ವಾಂತಿಗೆ ಒಳ್ಳೆಯದು. ಎತ್ತರದ ಕಾಯಿಲೆಗೆ ಎರಡೂ ಮದ್ದಲ್ಲ. ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂದು ನಿಮ್ಮ ಎಂ.ಬಿ.ಬಿ.ಎಸ್. ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ.

ಮಳೆಗಾಲದ ಕೊಡಗಿನ ಜಿಗಣೆಗೆ ಹುಡುಗಿಯರು ಕಿರುಚುತ್ತಾರೆ, ಹುಡುಗರು ಬೆಂಕಿಕಡ್ಡಿ ಗೀರುತ್ತಾರೆ. ನಾವು ಯುನಾನಿಯವರು ಚಿಕಿತ್ಸೆಗೆಂದೇ ಜಿಗಣೆ ಹಚ್ಚುವವರು, ಆದ್ದರಿಂದ ನನಗೆ ಅದರ ಮೇಲೆ ಕೋಪವಿಲ್ಲ. ಸುಡಬೇಡಿ. ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ, ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಅದಕ್ಕಿಂತ ಹೆದರಬೇಕಾದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಉಣುಗಿಗೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಕಾಡು ಸುತ್ತಿ ಬಂದವರು ಅದೇ ದಿನ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ಒಬ್ಬರಿಗೊಬ್ಬರು ನೋಡಿಕೊಳ್ಳಿ. ವಾರ ಹತ್ತು ದಿನದೊಳಗೆ ಜ್ವರ, ಮೈಕೈನೋವು ಬಂದರೆ ಮಾತ್ರೆ ಅಂಗಡಿಗೆ ಹೋಗದೆ ನೇರ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಯಾವ ಕಾಡಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.