ಬೆಂಚಿನ ಮೇಲೆ ಕೂತ ಹುಡುಗನ ನೋವು ಗೊತ್ತಿದ್ದ ಕೋಚ್

ಭಾರತ ‘ಎ’ ತಂಡದ ಕೋಚ್ ಆಗಿದ್ದಾಗ ರಾಹುಲ್ ದ್ರಾವಿಡ್ ಹುಡುಗರಿಗೆ ಮೊದಲೇ ಒಂದು ಮಾತು ಕೊಡುತ್ತಿದ್ದರು. ನನ್ನ ಜೊತೆ ಪ್ರವಾಸಕ್ಕೆ ಬಂದವರು ಯಾರೂ ಒಂದು ಪಂದ್ಯವನ್ನಾದರೂ ಆಡದೆ ಊರಿಗೆ ವಾಪಸಾಗುವುದಿಲ್ಲ ಎಂದು. ಕಾರಣವನ್ನೂ ಅವರೇ ಹೇಳಿಕೊಂಡಿದ್ದಾರೆ. ಎಳೆಯ ವಯಸ್ಸಿನಲ್ಲಿ ಅವರೂ ಹಾಗೆ ಹೋಗಿ, ಆಡಲು ಅವಕಾಶ ಸಿಗದೆ ಬಂದಿದ್ದರು. ದೇಶಿ ಕ್ರಿಕೆಟ್‌ನಲ್ಲಿ 700–800 ರನ್ ಹೊಡೆದು ಆಯ್ಕೆಯಾದ ಹುಡುಗ ಬೆಂಚಿನ ಮೇಲೆಯೇ ಕೂತು ಬಂದರೆ, ಮುಂದಿನ ವರ್ಷ ಮತ್ತೆ ಅಷ್ಟೇ ರನ್ ಹೊಡೆದು ಆಯ್ಕೆಗಾರರ ಕಣ್ಣಿಗೆ ಬೀಳಬೇಕು. ಆ ಸಂಕಟ ಏನೆಂದು ಅವರಿಗೆ ಗೊತ್ತಿತ್ತು.

‘ನಾವು ಪಟ್ಟ ಪಾಡು ಇವರೂ ಪಡಲಿ ಬಿಡಿ, ಗಟ್ಟಿಯಾಗುತ್ತಾರೆ’ ಎನ್ನುವ ಹಿರಿಯರು ನಮ್ಮ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಬೇಕಾದಷ್ಟಿದ್ದಾರೆ. ತನ್ನನ್ನು ತಾನು ಅರಿಯುವುದು ನಾಯಕನಿಗೆ ಕೆಲಸಕ್ಕೆ ಬರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಹಳೆಯ ನೋವನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತೇವೋ, ಅಥವಾ ಅದು ಅವರಿಗೆ ತಟ್ಟದಂತೆ ನಿಯಮ ಮಾಡುತ್ತೇವೋ?

ಭಾರತ ತಂಡದ ನಾಯಕನಾಗಿ ದ್ರಾವಿಡ್ ಕಂಡ ಏಳುಬೀಳು ಕಡಿಮೆಯೇನಲ್ಲ. 2007ರ ವಿಶ್ವಕಪ್‌ನಲ್ಲಿ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ, 21 ವರ್ಷಗಳ ನಂತರ, ಇಂಗ್ಲೆಂಡ್ ನೆಲದಲ್ಲಿ ಟೆಸ್ಟ್ ಸರಣಿ ಗೆದ್ದಿತು. ಮರು ತಿಂಗಳೇ ಅವರು ನಾಯಕತ್ವ ಬಿಟ್ಟರು. ಆದರೆ ತಂಡ ಬಿಡಲಿಲ್ಲ. 2011ರಲ್ಲಿ ತಮಗಿಂತ ಕಿರಿಯರಾದ ಧೋನಿ ನಾಯಕತ್ವದಲ್ಲಿ ಅದೇ ಇಂಗ್ಲೆಂಡ್‌ಗೆ ಹೋಗಿ, ಸೋತು ಸುಣ್ಣವಾದ ತಂಡದ ಪರ ಮೂರು ಶತಕ ಬಾರಿಸಿದರು. ಕುರ್ಚಿ ಹೋದ ಮೇಲೂ ಅಷ್ಟೇ ಶ್ರದ್ಧೆಯಿಂದ ದುಡಿಯುವವರು ಎಷ್ಟು ಜನ ಸಿಗುತ್ತಾರೆ?

2018ರಲ್ಲಿ ದ್ರಾವಿಡ್ ತರಬೇತಿ ಕೊಟ್ಟ ಭಾರತದ 19 ವರ್ಷದೊಳಗಿನವರ ತಂಡ ನ್ಯೂಜಿಲೆಂಡ್‌ನಲ್ಲಿ ವಿಶ್ವಕಪ್ ಗೆದ್ದಿತು. ಭಾರತೀಯ ಕ್ರಿಕೆಟ್ ಮಂಡಳಿ (ಬಿಸಿಸಿಐ) ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಒಂದೇ ತಂಡವಾಗಿ ದುಡಿದವರಲ್ಲಿ ಈ ತಾರತಮ್ಯ ಏಕೆಂದು ದ್ರಾವಿಡ್ ಆಕ್ಷೇಪಿಸಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷವೆಂದು ನಿರ್ಧಾರವಾಯಿತು. ಅಂದರೆ ಅವರ ಪಾಲು ಅರ್ಧಕ್ಕಿಳಿಯಿತು, ಫಿಸಿಯೋ, ಫೀಲ್ಡಿಂಗ್ ಕೋಚ್‌ಗಳ ಪಾಲು ಐದು ಲಕ್ಷ ಏರಿತು.

ನಿಮ್ಮ ಕೈಕೆಳಗೆ ನಾಲ್ಕು ಜನ ದುಡಿಯುತ್ತಿದ್ದರೂ ಸಾಕು, ಈ ವಾರ ಬಿಡುವು ಮಾಡಿಕೊಂಡು ಕೂತು ಯೋಚಿಸಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಿಮ್ಮನ್ನು ಅತಿ ಹೆಚ್ಚು ನೋಯಿಸಿದ್ದು ಯಾವುದು? ಅದು ಇಂದು ನಿಮ್ಮ ತಂಡದಲ್ಲಿ ಯಾರಿಗಾದರೂ ಆಗುತ್ತಿದ್ದರೆ, ಸೋಮವಾರವೇ ನಿಲ್ಲಿಸಿ.